ಆರೈಕೆಯ ನೀತಿ ಮನೆಯ ಹೊರಗೂ ನಡೆಯುತ್ತಾ?

ಆರೈಕೆಯ ನೀತಿ ಬರೀ ಮನೆಗಾ, ತೋಟ, ಆಸ್ಪತ್ರೆಗೂ ಅನ್ವಯಿಸುತ್ತಾ ಅಂತ ಕೇಳಿದ್ದೀರಿ. ಖಂಡಿತ ಅನ್ವಯಿಸುತ್ತದೆ. ಸರಿ ತಪ್ಪು ನೋಡಲು ನಿಯಮ ಒಂದೇ ಸಾಲದು, ಎದುರಿಗಿರುವವರ ಅಗತ್ಯವೂ ಮುಖ್ಯ ಅನ್ನುವ ಈ ವಿಚಾರಕ್ಕೆ 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಬುನಾದಿ ಹಾಕಿದರು.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟವನ್ನೇ ತಗೊಳ್ಳಿ. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಮನೆ ಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಸುಮ್ನೆ ಕೋಣೆ ಕಟ್ಟಿದರೆ ಆಯ್ತಾ? ಹಣ್ಣು ಕೊಯ್ಯುವ ತಾಯಿ ಹಾಲುಣಿಸಿ ಬರುವಷ್ಟು ಹತ್ತಿರ ಇರಬೇಕು ಅಲ್ವಾ? ಮಗು ನೋಡುವ ಆಯಾಗೂ ಒಳ್ಳೆ ಸಂಬಳ ಬೇಕು. ಆರೈಕೆ ನಿಜಕ್ಕೂ ಮುಟ್ಟಿತಾ ಅಂತ ಆ ತಾಯಿಯನ್ನೇ ಕೇಳಬೇಕು. ಅಮೆರಿಕದ ರಾಜಕೀಯ ಚಿಂತಕಿ ಜೋನ್ ಟ್ರಾಂಟೊ ಒತ್ತಿ ಹೇಳಿದ್ದು ಇದನ್ನೇ.

ಆಸ್ಪತ್ರೆಯಲ್ಲಿ ರಾತ್ರಿಯಿಡೀ ಅಮ್ಮನ ಪಕ್ಕ ಕೂರುವ ಮಗಳಿಗೆ ಮಲಗಲು ಜಾಗ ಕೊಡುವುದೂ ಇದರಲ್ಲೇ ಬರುತ್ತದೆ.