ಅವನ ಫೋಟೋ ಹಾಕಿದರೆ ಮಗುವಿನ ಹೆಸರೂ ಬಂದ ಹಾಗೆ

ನೀವು ಕೇಳಿದ್ದು ಇಷ್ಟು: "ಅಮೆರಿಕದಲ್ಲಿ ಲೈಂಗಿಕ ಅಪರಾಧಿಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಪೊಲೀಸರು ಮಾತ್ರ ನೋಡುತ್ತಾರೆ. ನಾನು ಬಳ್ಳಾರಿಯವನು, ಮಗಳಿಗೆ ಆರು ವರ್ಷ, ಶಾಲೆಯ ವ್ಯಾನಿಗೆ ಹೊಸ ಡ್ರೈವರ್ ಬಂದಿದ್ದಾನೆ. ಅವನು ಎಂಥವನು ಅಂತ ತಿಳಿಯುವ ಹಕ್ಕು ನನಗಿಲ್ವಾ? ಪಟ್ಟಿಯನ್ನು ಎಲ್ಲರಿಗೂ ತೆರೆದಿಡಬೇಕಲ್ವಾ?"

ತಿಳಿಯುವ ಹಕ್ಕು ನಿಮಗೆ ಖಂಡಿತ ಇದೆ. ಆದರೂ ಪಟ್ಟಿಯನ್ನು ಊರಿಗೆಲ್ಲ ತೆರೆದಿಡಬಾರದು ಅನ್ನುವವಳು ನಾನು. ಇದನ್ನು ಸುಮ್ನೆ ಹೇಳುತ್ತಿಲ್ಲ. ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಟೀಚರ್ ಆಗಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅರ್ಧ ಊರು ಗುಳೆ ಹೋಗುತ್ತದೆ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಹತ್ತಿರವೋ ಸಂಬಂಧಿಕರ ಮನೆಯಲ್ಲೋ ಬಿಡುತ್ತಾರೆ. ಕೆಲವು ವರ್ಷದ ಹಿಂದೆ ಹಾಗೆ ಬಿಟ್ಟುಹೋದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಚೂಟಿ ಹುಡುಗಿ, ಮಗ್ಗಿ ಹೇಳಲು ಮೊದಲು ಕೈ ಎತ್ತುತ್ತಿದ್ದಳು. ಒಂದು ವಾರದಿಂದ ಮಾತೇ ನಿಂತುಹೋಯಿತು. ಶಾಲೆ ಬಿಟ್ಟ ಮೇಲೂ ಮನೆಗೆ ಹೋಗದೆ ಬಿಸಿಯೂಟದ ಕೋಣೆಯ ಕಟ್ಟೆ ಮೇಲೆ ಕೂತಿರುತ್ತಿದ್ದಳು. ಮೂರನೇ ದಿನ ನಾನೂ ಅವಳ ಪಕ್ಕ ಸುಮ್ಮನೆ ಕೂತೆ. ಕತ್ತಲಾಗುವ ಹೊತ್ತಿಗೆ ಹೇಳಿದಳು. ಮಾಡಿದವನು ಹತ್ತಿರದ ಸಂಬಂಧಿ. ವರಸೆ ಏನು ಅಂತಲೂ ಬರೆಯುವುದಿಲ್ಲ.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಇಂಥದ್ದು ತಿಳಿದ ಯಾರೇ ಆಗಲಿ ದೂರು ಕೊಡಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ದೂರು ಕೊಟ್ಟೆ. ಮಹಿಳಾ ಪಿಎಸ್‌ಐ ಒಬ್ಬರು ಯೂನಿಫಾರ್ಮ್ ಹಾಕದೆ, ಸಾದಾ ಸೀರೆಯಲ್ಲಿ ಅಜ್ಜಿಯ ಮನೆಗೇ ಬಂದರು. ಕಾನೂನು ಹಾಗೇ ಹೇಳುತ್ತದೆ, ಅವರು ಹಾಗೇ ಮಾಡಿದರು. ಮಗು ಎಲ್ಲ ಹೇಳಿತು. ಅಜ್ಜಿಯ ಹೆಬ್ಬೆಟ್ಟಿಗೆ ಸ್ಟ್ಯಾಂಪ್ ಪ್ಯಾಡ್ ಮುಂದೆ ಮಾಡಿದಾಗ ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. "ಪೇಪರಿನ್ಯಾಗ ಬರ್ತದೇನ್ರಿ ಮೇಡಂ? ಹುಡುಗಿ ಮದುವಿ ಮಾಡಬೇಕು ನಾಳೆ" ಅಂದಳು. "ಇಲ್ಲಮ್ಮ, ಹೆಸರು ಎಲ್ಲೂ ಬರೋದಿಲ್ಲ, ಕಾನೂನೇ ಐತಿ" ಅಂತ ಪಿಎಸ್‌ಐ ಮೂರು ಸಲ ಹೇಳಿದರು. ಆಮೇಲೆ ಒತ್ತಿದಳು. ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು.

ಆ ಹೊತ್ತಿನಲ್ಲಿ ಪಿಎಸ್‌ಐ ಬೇರೆ ಮಾತು ಹೇಳಿದ್ದರೆ? "ಶಿಕ್ಷೆಯಾದ ಮೇಲೆ ಅವನ ಫೋಟೋ, ಹೆಸರು, ಊರು, ಯಾವ ಕೇಸು ಅಂತ ಎಲ್ಲ ಇಂಟರ್ನೆಟ್ಟಿನಲ್ಲಿ ಹಾಕುತ್ತೇವೆ, ಯಾರು ಬೇಕಾದರೂ ನೋಡಬಹುದು" ಅಂದಿದ್ದರೆ ಆ ಹೆಬ್ಬೆಟ್ಟು ಬೀಳುತ್ತಿರಲಿಲ್ಲ. ಕೇಸೂ ಇಲ್ಲ, ಶಿಕ್ಷೆಯೂ ಇಲ್ಲ, ಪಟ್ಟಿಗೆ ಅವನ ಹೆಸರೂ ಇಲ್ಲ. ಅವನು ಅದೇ ಮನೆಗೆ ಬಂದು ಹೋಗುತ್ತಲೇ ಇರುತ್ತಿದ್ದ.

ಯಾಕೆಂದರೆ ಇಂಥ ಕೇಸುಗಳಲ್ಲಿ ಮಾಡುವವರು ಹೆಚ್ಚಾಗಿ ಹೊರಗಿನವರಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ವರ್ಷವರ್ಷವೂ ನೋಡಿ, ಮಗುವಿನ ಮೇಲೆ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಆರೋಪಿಗಳು ಮಗುವಿಗೆ ಗೊತ್ತಿರುವವರೇ. ಮನೆಯವರು, ನೆಂಟರು, ಪಕ್ಕದ ಮನೆಯವರು, ಪರಿಚಯದವರು. ಎರಡು ಸಾವಿರ ಜನ ಇರುವ ಹಳ್ಳಿಯಲ್ಲಿ ಅವನ ಹೆಸರು ಹಾಕಿದರೆ ಸಾಕು. ಮಗು ಯಾವುದು ಅಂತ ಬಾವಿಕಟ್ಟೆಯಲ್ಲಿ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಪೋಕ್ಸೊ 23ನೇ ಕಲಂ ಮಾಧ್ಯಮದವರು ಮಗುವಿನ ಹೆಸರು, ವಿಳಾಸ, ಫೋಟೋ ಅಷ್ಟೇ ಅಲ್ಲ, ಮನೆತನ, ಶಾಲೆ, ಓಣಿ ಯಾವುದನ್ನೂ ಬಯಲು ಮಾಡಬಾರದು ಅನ್ನುತ್ತದೆ. ಆ ಕಲಂ ಬರೆದವರಿಗೆ ಹಳ್ಳಿ ಗೊತ್ತಿತ್ತು. ಒಂದು ಕೈಯಲ್ಲಿ ಆ ಕಾನೂನು ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಪಟ್ಟಿ ತೆರೆದಿಡಲು ಆಗುವುದಿಲ್ಲ.

ಅವನಿಗೆ ಶಿಕ್ಷೆಯಾಯಿತು. ಕೋರ್ಟಿನಲ್ಲಿ ಮಗುವಿಗೆ ಅವನ ಮುಖ ಕಾಣದಂತೆ ಪರದೆ ಕಟ್ಟಿದ್ದರು. ಜೈಲಿಗೆ ಹೋದ. ಹುಡುಗಿ ಬೇರೆ ಊರಿನ ಹಾಸ್ಟೆಲ್ ಸೇರಿದಳು.

ಕತೆ ಅಲ್ಲಿಗೆ ಮುಗಿದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸುಲಭವಿತ್ತು. ಮುಗಿಯಲಿಲ್ಲ. ಎರಡು ವರ್ಷದ ಹಿಂದೆ ಹತ್ತಿ ಬಿಡಿಸುವ ಕಾಲ. ಪಕ್ಕದ ತಾಲ್ಲೂಕಿನ ಒಂದು ಊರಲ್ಲಿ ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಹೊಲದಿಂದ ಒಂದು ಟಂಟಂ ಬಂದು ನಿಂತಿತು. ಕೂಲಿ ಹೆಂಗಸರು, ಅವರ ಜೊತೆ ಹದಿಮೂರು, ಹದಿನಾಲ್ಕರ ಹುಡುಗಿಯರು. ತಲೆತುಂಬ ಹತ್ತಿಯ ಎಳೆ. ಬಾಡಿಗೆ ಇಸಿದುಕೊಳ್ಳಲು ಡ್ರೈವರ್ ಹಿಂದೆ ತಿರುಗಿದ. ಅವನೇ. ನನ್ನ ಕೈಕಾಲು ತಣ್ಣಗಾದವು. ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡೆ.

ಮನೆಗೆ ಬಂದು ಶಾಲೆಯ ತಾಯಂದಿರ ವಾಟ್ಸಾಪ್ ಗುಂಪು ತೆಗೆದೆ. ಫೋಟೋ ಸೇರಿಸಿದೆ. "ಈತ ಪೋಕ್ಸೊ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವನು, ಮಕ್ಕಳನ್ನು ಇವನ ಗಾಡಿ ಹತ್ತಿಸಬೇಡಿ" ಅಂತ ಬರೆದೆ. ನನ್ನ ಸಿಟ್ಟು ಈಗ ನಿಮಗಿರುವ ಸಿಟ್ಟೇ. ಕಳಿಸುವ ಮುಂಚೆ ಯಾಕೋ ಆ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಆಕೆ ಬೆಂಗಳೂರಿನಲ್ಲಿ ಕೆಲಸದ ಮೇಲಿದ್ದಳು, ಹಿಂದೆ ಕಾಂಕ್ರೀಟ್ ಮಿಷನ್ ಸದ್ದು. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಬ್ಯಾಡ್ರಿ ಟೀಚರ್. ಆತನ ಫೋಟೋ ಹಾಕಿದ್ರ, ಕೆಳಗ ನನ್ನ ಮಗಳ ಹೆಸರು ಬರೀದಿದ್ರೂ ಊರ ಮಂದಿ ಓದ್ತಾರ್ರೀ. ಹಾಸ್ಟೆಲಿನ್ಯಾಗ ಯಾರಿಗೂ ಗೊತ್ತಿಲ್ಲ. ಈಗ ನಗಾಕ ಹತ್ಯಾಳ."

ಅಳಿಸಿದೆ. ಆದರೆ ಆ ಟಂಟಂ ಏನು ಮಾಡುವುದು? ಸುಮ್ಮನಿರಲು ಸಾಧ್ಯವೇ ಇರಲಿಲ್ಲ. ಮರುದಿನ ಠಾಣೆಗೆ ಹೋಗಿ ಹೇಳಿದೆ. ಅಲ್ಲಿಂದ ಬೀಟ್ ಪೊಲೀಸರನ್ನು ಕರೆದುಕೊಂಡು ಗಾಡಿ ಮಾಲೀಕನ ಹತ್ತಿರ ಹೋದೆ. ಕೂಲಿ ಗುಂಪು ಕಟ್ಟುವ ಹಿರಿಯ ಹೆಂಗಸಿಗೆ ಬೇರೆಯಾಗಿ ಹೇಳಿದೆ. ಇಬ್ಬರಿಗೂ ಹಳೆ ಕೇಸಿನ ಊರು, ಮಗು ಯಾವುದನ್ನೂ ಹೇಳಲಿಲ್ಲ. ಅವನು ಇಂಥ ಅಪರಾಧಕ್ಕೆ ಜೈಲಿಗೆ ಹೋಗಿದ್ದ ಅಂತ ಅಷ್ಟೇ. ಮಾಲೀಕ ಅವನಿಂದ ಕೀ ವಾಪಸ್ ತೆಗೆದುಕೊಂಡು ಜಲ್ಲಿ ಸಾಗಿಸುವ ಟ್ರಾಕ್ಟರ್ ಮೇಲೆ ಹಾಕಿದ. ಗೊತ್ತಾಗಬೇಕಾದ ಇಬ್ಬರಿಗೆ ಗೊತ್ತಾಯಿತು, ಹುಡುಗಿಯರು ಅವನ ಗಾಡಿಯಿಂದ ಇಳಿದರು.

ನನ್ನ ವಾದವೆಲ್ಲ ಇಷ್ಟೇ. ಯಾರಿಗೆ ಮಗುವನ್ನು ಕಾಯುವ ಕೆಲಸ ಇದೆಯೋ ಅವರಿಗೆ ಹೇಳಬೇಕು. ಬರೀ ನೋಡುವವರಿಗೆಲ್ಲ ತೋರಿಸಬಾರದು.

ಅಮೆರಿಕದ ಮಾತಿಗೆ ಬರೋಣ. ಆ ತಾಯಂದಿರ ಸಂಕಟ ನನಗೆ ಅರ್ಥವಾಗುತ್ತದೆ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಮೇಗನ್ ಎಂಬ ಏಳು ವರ್ಷದ ಹುಡುಗಿಯನ್ನು ಎದುರುಮನೆಯವನು ಕೊಂದ. ಅವನು ಮೊದಲೇ ಎರಡು ಸಲ ಮಕ್ಕಳ ಮೇಲಿನ ಅಪರಾಧಕ್ಕೆ ಶಿಕ್ಷೆಯಾಗಿದ್ದವನು, ಅದು ಅವಳ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಗಳು ಬದುಕುತ್ತಿದ್ದಳು ಅಂತ ಅವರು ಹೋರಾಡಿದರು, ಇಂಥವರ ವಿವರವನ್ನು ಜನರಿಗೆ ತಿಳಿಸುವ ಕಾನೂನು 1996ರಲ್ಲಿ ದೇಶಕ್ಕೆಲ್ಲ ಬಂತು. ಈಗ ಅಲ್ಲಿನ ಪಟ್ಟಿಗಳಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ. ಇದಕ್ಕೂ ಮೊದಲು ಪಟ್ಟಿ ಇಡುವ ಕಾನೂನು 1994ರಲ್ಲೇ ಬಂದಿತ್ತು, ಜೇಕಬ್ ವೆಟರ್ಲಿಂಗ್ ಎಂಬ ಹನ್ನೊಂದು ವರ್ಷದ ಹುಡುಗನ ಹೆಸರಿನಲ್ಲಿ. 1989ರಲ್ಲಿ ಮಿನೆಸೋಟದಲ್ಲಿ ಅವನನ್ನು ಒಬ್ಬ ಹೊತ್ತೊಯ್ದಿದ್ದ. ಕಾನೂನಿಗಾಗಿ ಓಡಾಡಿದ್ದು ಅವನ ತಾಯಿ ಪ್ಯಾಟಿ. ಅದೇ ತಾಯಿ ಮುಂದೆ, ಈ ಪಟ್ಟಿಗಳು ಮಿತಿಮೀರಿ ಬೆಳೆದಿವೆ, ನಿಜಕ್ಕೂ ಮಕ್ಕಳನ್ನು ಕಾಯುತ್ತಿವೆಯೇ ನೋಡಬೇಕು ಅಂತ ಬಹಿರಂಗವಾಗಿ ಕೇಳತೊಡಗಿದರು. ಮಗನನ್ನು ಕಳೆದುಕೊಂಡವಳು ಕೇಳುವಾಗ ನಾವು ಕಿವಿಗೊಡಬೇಕು.

2006ರಲ್ಲಿ ಮೇನ್ ರಾಜ್ಯದಲ್ಲಿ ಏನಾಯಿತು ಗೊತ್ತಾ? ಕೆನಡಾದಿಂದ ಬಂದ ಇಪ್ಪತ್ತು ವರ್ಷದ ಹುಡುಗನೊಬ್ಬ ಇಂಟರ್ನೆಟ್ಟಿನ ಪಟ್ಟಿಯಿಂದ ವಿಳಾಸ ತೆಗೆದುಕೊಂಡು ಇಬ್ಬರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದ. ಸತ್ತ ಒಬ್ಬನಿಗೆ ಇಪ್ಪತ್ನಾಲ್ಕು ವರ್ಷ. ಅವನು ಪಟ್ಟಿಗೆ ಬಂದದ್ದು ಇನ್ನೇನು ಹದಿನಾರು ತುಂಬಲಿದ್ದ ತನ್ನ ಗೆಳತಿಯ ಜೊತೆಗಿದ್ದ ಸಂಬಂಧಕ್ಕೆ. ನಮ್ಮಲ್ಲೂ ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ ಪ್ರೀತಿಸಿ ಓಡಿಹೋದರೆ ಅದು ಪೋಕ್ಸೊ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ಇಂಥ ಕೇಸೊಂದರಲ್ಲಿ ವಯಸ್ಸಿನ ವಿಚಾರ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತ್ತು. ಆ ಹುಡುಗನೂ ಮಗುವನ್ನು ಹಾಳುಮಾಡಿದವನೂ ಪಟ್ಟಿಯಲ್ಲಿ ಅಕ್ಕಪಕ್ಕ ಕಂಡರೆ ನೋಡಿದ ಜನ ವ್ಯತ್ಯಾಸ ಮಾಡುವುದಿಲ್ಲ.

ಜನ ಏನು ಮಾಡುತ್ತಾರೆ ಅಂತ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ನೋಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿತು. ಮುಂದಿನ ಊರಲ್ಲಿ ದಾರಿ ಅಡ್ಡಗಟ್ಟಿ ಹೊಡೆದರು, ಒಬ್ಬ ಸತ್ತೇಹೋದ. ಬರೀ ಗಾಳಿಮಾತಿಗೆ ಹೀಗಾದರೆ ಸರ್ಕಾರದ ಮುದ್ರೆ ಇರುವ ಫೋಟೋ ಸಿಕ್ಕಾಗ? ಅದೇ ಹೆಸರಿನ ಇನ್ನೊಬ್ಬನ ಗತಿ? ಪಟ್ಟಿಯಲ್ಲಿರುವವನ ಹೆಂಡತಿ, ಮಕ್ಕಳು? ಅವರಲ್ಲಿ ಒಬ್ಬರು ನನ್ನ ಶಾಲೆಯ ಮೂರನೇ ಬೆಂಚಿನಲ್ಲಿ ಕೂತಿರುತ್ತಾರೆ.

ನಮ್ಮ ದೇಶದ ಪಟ್ಟಿ 2018ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಆಗಲೇ ಅದರಲ್ಲಿ ಶಿಕ್ಷೆಯಾದ 4.4 ಲಕ್ಷ ಜನರ ವಿವರ ಇತ್ತು. ಪೊಲೀಸರು ನೋಡಬಹುದು. ಅದು ಹಾಗೇ ಇರಲಿ. ಆದರೆ ಬಾಗಿಲು ಪೂರ್ತಿ ಹಾಕಿಕೊಂಡು ಕೂರುವುದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ 2008ರಲ್ಲಿ ಒಂದು ಕ್ರಮವನ್ನು ಪ್ರಯೋಗ ಮಾಡಿ ನೋಡಿ, 2011ರ ಹೊತ್ತಿಗೆ ಎಲ್ಲ ಕಡೆ ತಂದರು. ಮಗುವಿನ ಹತ್ತಿರ ಬರುವ ಇಂಥ ವ್ಯಕ್ತಿಯ ಬಗ್ಗೆ ಅನುಮಾನ ಇದೆ ಅಂತ ತಂದೆತಾಯಿ ಪೊಲೀಸರನ್ನು ಕೇಳಬಹುದು. ಪೊಲೀಸರು ವಿಚಾರಿಸಿ, ಅಪಾಯ ಇದ್ದರೆ ಆ ಮಗುವನ್ನು ಕಾಯಬಲ್ಲವರಿಗೆ ಮಾತ್ರ ಹೇಳುತ್ತಾರೆ. ಕೇಳಿದವರು ಅದನ್ನು ಹರಡುವಂತಿಲ್ಲ. ಇಂಥದ್ದು ನಮಗೆ ಬೇಕು, ಮತ್ತು ಹಳ್ಳಿಯ ತಾಯಿಯೂ ಹೋಗಿ ಕೇಳುವಷ್ಟು ಸರಳವಾಗಿರಬೇಕು. ಯಾಕೆಂದರೆ ಶಾಲೆಗೆ, ಹಾಸ್ಟೆಲಿಗೆ ನಿಯಮ ಇದೆ. ಹತ್ತಿ ಹೊಲಕ್ಕೆ ಹೋಗುವ ಟಂಟಂಗೆ, ಮೆಣಸಿನಕಾಯಿ ಹರಿಯಲು ಹುಡುಗಿಯರನ್ನು ಕರೆದೊಯ್ಯುವವನಿಗೆ ಏನೂ ಇಲ್ಲ. ಅವತ್ತು ಅವನ ಮುಖ ನನಗೆ ನೆನಪಿತ್ತು, ಆಕಸ್ಮಿಕವಾಗಿ ಅಲ್ಲಿ ನಿಂತಿದ್ದೆ. ಹುಡುಗಿಯರ ರಕ್ಷಣೆ ಇಂಥ ಆಕಸ್ಮಿಕದ ಮೇಲೆ ನಿಲ್ಲಬಾರದು. ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರುತ್ತದೆ. ಈ ಕೆಲಸಕ್ಕೆ ಅದನ್ನು ಹಚ್ಚಬಹುದು.

ಈಗ ನಿಮ್ಮ ವ್ಯಾನ್ ಡ್ರೈವರ್. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಜೊತೆ ಒಡನಾಟ ಇರುವ ಎಲ್ಲ ಸಿಬ್ಬಂದಿಯ ಹಿನ್ನೆಲೆಯನ್ನು ಶಾಲೆ ಪೊಲೀಸರಿಂದ ಪರಿಶೀಲನೆ ಮಾಡಿಸಬೇಕು, ಒಮ್ಮೆ ಮಾಡಿ ಬಿಡದೆ ಆಗಾಗ. ಕಾಯಂ ಆಗಲಿ ಗುತ್ತಿಗೆ ಆಗಲಿ. ನಾಳೆ ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಬರೆಯಿರಿ: "ಹೊಸ ಡ್ರೈವರ್ ಪೊಲೀಸ್ ಪರಿಶೀಲನೆ ಆಗಿದೆಯೇ, ಯಾವ ತಾರೀಕು?" ಬಾಯಿಮಾತಲ್ಲಿ ಕೇಳಬೇಡಿ, ಪತ್ರದ ಪ್ರತಿಗೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ಇನ್ನೂ ನಾಲ್ಕು ಪೋಷಕರ ಸಹಿ ಇದ್ದರೆ ಒಳ್ಳೆಯದು. ಉತ್ತರ ಬಾರದಿದ್ದರೆ ಠಾಣೆಗೆ ಹೋಗಿ. ಅಲ್ಲಿಯವರೆಗೆ ವ್ಯಾನಿನಲ್ಲಿ ಒಬ್ಬ ಆಯಾ ಇರಲಿ ಅಂತ ಹಟ ಹಿಡಿಯಿರಿ. ಕೊನೆಯ ಮಗು ಇಳಿಯುವ ತನಕ ಆಕೆ ಇಳಿಯಬಾರದು.

ಮಗಳಿಗೆ ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಮಾಡಿಸಿ. ಮತ್ತೆ ಡ್ರೈವರ್ ಬಗ್ಗೆ ಕೇಳಿದ ಹಾಗೆ, ಮನೆಗೆ ಬಂದು ಹೋಗುವ ನೆಂಟರಲ್ಲಿ ಯಾರ ಹತ್ತಿರ ಹೋಗಲು ಅವಳು ಹಿಂಜರಿಯುತ್ತಾಳೆ ಅಂತಲೂ ಗಮನಿಸಿ. ಹಿಂಜರಿದರೆ "ಹೋಗು, ಮಾಮಾಗೆ ಮುತ್ತು ಕೊಡು" ಅಂತ ಯಾರೂ ತಳ್ಳದಂತೆ ನೋಡಿಕೊಳ್ಳಿ.