ಗಂಟಲು ನೋವಿನ ಮರುದಿನವೇ ಕೆಂಪು ಮೂತ್ರ

ಪ್ರಶ್ನೆ: ಮಗನಿಗೆ 21 ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾನೆ. ಗಂಟಲು ನೋವು, ಜ್ವರ ಬಂದ ಮರುದಿನವೇ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಮೂರು ದಿನಕ್ಕೆ ತಾನಾಗಿಯೇ ತಿಳಿಯಾಯಿತು. ವರ್ಷದೊಳಗೆ ಇದು ಎರಡನೇ ಸಲ. ಈಗ ಮೂತ್ರದಲ್ಲಿ ದಿನಕ್ಕೆ 1.2 ಗ್ರಾಂ ಪ್ರೋಟೀನ್ ಹೋಗುತ್ತಿದೆ, ಬಿಪಿ 140/90. ವೈದ್ಯರು ಕಿಡ್ನಿ ಬಯಾಪ್ಸಿ ಹೇಳಿದ್ದಾರೆ. ಸೂಜಿ ಚುಚ್ಚಿದರೆ ಕಿಡ್ನಿ ಕೆಡುತ್ತದೆ ಎಂದು ಮನೆಯ ಹಿರಿಯರು ಬೇಡವೆನ್ನುತ್ತಾರೆ. ರಕ್ತ ಪರೀಕ್ಷೆ ಸಾಲದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಮರುದಿನವೇ’ ಎಂಬ ಮಾತಿನ ಮೇಲೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಬೆನ್ನಿಗೆ ಬರುವ ಕಿಡ್ನಿ ಉರಿಯೂತದಲ್ಲಿ ಗಂಟಲು ವಾಸಿಯಾಗಿ ಒಂದೆರಡು ವಾರ ಕಳೆದ ಮೇಲೆ ಮೂತ್ರದ ಬಣ್ಣ ಕೆಡುತ್ತದೆ, ರಕ್ತದಲ್ಲಿ ಸಿ3 ಎಂಬ ರಕ್ಷಣಾ ಪ್ರೋಟೀನ್ ಇಳಿದಿರುತ್ತದೆ. ಗಂಟಲು ನೋಯುತ್ತಿರುವಾಗಲೇ ಕೆಂಪಾದರೆ ಮೊದಲ ಅನುಮಾನ ಐಜಿಎ ನೆಫ್ರೋಪತಿ. ಇದರಲ್ಲಿ ಸಿ3 ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಐಜಿಎ ಎಂದರೆ ಗಂಟಲು, ಕರುಳಿನ ಒಳಪದರವನ್ನು ಕಾಯುವ ಪ್ರತಿಕಾಯ. ಕೆಲವರಲ್ಲಿ ಈ ಅಣುವಿಗೆ ಅಂಟಿಕೊಂಡಿರಬೇಕಾದ ಗ್ಯಾಲಕ್ಟೋಸ್ ಸಕ್ಕರೆ ಕಡಿಮೆ ಇರುತ್ತದೆ. ದೇಹ ಅದನ್ನು ಪರಕೀಯವೆಂದು ಬಗೆದು ಅದರ ವಿರುದ್ಧವೇ ಪ್ರತಿಕಾಯ ಹುಟ್ಟಿಸುತ್ತದೆ. ಎರಡೂ ಸೇರಿ ಗಂಟುಗಟ್ಟಿ ಕಿಡ್ನಿಯ ಶೋಧಕಗಳಲ್ಲಿ, ಅಂದರೆ ಗ್ಲೊಮೆರುಲಸ್‌ಗಳಲ್ಲಿ, ಕೂತುಬಿಡುತ್ತವೆ. ರಕ್ತದಲ್ಲಿ ಐಜಿಎ ಏರಿಕೆ ಕಾಣುವುದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ. ಆದ್ದರಿಂದ ರಕ್ತ ಪರೀಕ್ಷೆಯನ್ನೇ ನಂಬಿ ಕೂರಲಾಗದು.

ಬಯಾಪ್ಸಿಯಲ್ಲಿ ಸೂಜಿಯಿಂದ ತೆಗೆದ ಕಿಡ್ನಿಯ ಊತಕದಲ್ಲಿ ಏನು ಕಾಣುತ್ತದೆ? ಸಾಮಾನ್ಯ ಸೂಕ್ಷ್ಮದರ್ಶಕದಡಿ ಶೋಧಕದ ನಡುಭಾಗವಾದ ಮೆಸಾಂಜಿಯಂನಲ್ಲಿ ಜೀವಕೋಶಗಳು ಹೆಚ್ಚಿರುತ್ತವೆ. ಆದರೆ ಆ ಚಿತ್ರ ಬೇರೆ ರೋಗಗಳಲ್ಲೂ ಸಿಗುತ್ತದೆ. ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ಪತ್ತೆಹಚ್ಚುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಯಲ್ಲಿ ಅದೇ ಜಾಗದಲ್ಲಿ ಐಜಿಎ ಹೊಳೆದಾಗಲೇ ರೋಗಕ್ಕೆ ಹೆಸರು. 1968ರಲ್ಲಿ ಪ್ಯಾರಿಸ್ಸಿನ ಬರ್ಗರ್ ಮತ್ತು ಆಂಗ್ಲೇ ಇದನ್ನು ಗುರುತಿಸಿದ್ದೂ ಹೀಗೆಯೇ. ತೆಗೆದ ತುಣುಕನ್ನೆಲ್ಲ ಊತಕ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿಬಿಟ್ಟರೆ ಈ ಪರೀಕ್ಷೆ ಕಷ್ಟ. ಒಂದು ತುಣುಕನ್ನು ಇದಕ್ಕೆಂದೇ ಬೇರೆ ಇಡುತ್ತಾರೆಯೇ ಎಂದು ಮೊದಲೇ ಕೇಳಿ, ಸಂಕೋಚ ಬೇಡ.

ಬಯಾಪ್ಸಿ ವರದಿಯಲ್ಲಿ ಎಂ, ಇ, ಎಸ್, ಟಿ, ಸಿ ಎಂಬ ಅಕ್ಷರಗಳಿರುತ್ತವೆ, ಒಂದೊಂದೂ ಕಿಡ್ನಿಗಾದ ಒಂದೊಂದು ಬಗೆಯ ಹಾನಿಯ ಗುರುತು. ನಾನು ಮೊದಲು ನೋಡುವುದು ಟಿ: ಕಿಡ್ನಿಯೊಳಗೆ ಮೂತ್ರ ಹರಿಯುವ ಸಣ್ಣ ನಾಳಗಳು ಸೊರಗಿ ಗಾಯದ ಕಲೆ ಎಷ್ಟು ಹರಡಿದೆ ಎಂಬ ಲೆಕ್ಕ. ಕಲೆಗೆ ಔಷಧವಿಲ್ಲ. ಇ ಮತ್ತು ಸಿ ಸೂಚಿಸುವುದು ಇನ್ನೂ ಉರಿಯುತ್ತಿರುವ ಭಾಗವನ್ನು, ಅದನ್ನು ಔಷಧದಿಂದ ತಣಿಸುವ ಅವಕಾಶವಿದೆ.

ಇನ್ನು ಸೂಜಿಯ ಭಯ. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಶೋಧಕಗಳಿವೆ, ಬಯಾಪ್ಸಿಗೆ ಹೋಗುವುದು ಕೆಲವು ಹತ್ತು. ಆ ಜಾಗವನ್ನಷ್ಟೇ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ತೆಗೆಯುತ್ತಾರೆ. ಅಪಾಯವೆಂದರೆ ರಕ್ತಸ್ರಾವ, ಹೆಚ್ಚಿನವರಲ್ಲಿ ಅದು ತಾನೇ ನಿಲ್ಲುತ್ತದೆ, ರಕ್ತ ಕೊಡಬೇಕಾಗುವುದು ಅಪರೂಪ. ಅದಕ್ಕೇ ಮೊದಲು ಬಿಪಿ ಹತೋಟಿಗೆ ತಂದು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸುತ್ತಾರೆ.

ಮೂತ್ರ ತಿಳಿಯಾಯಿತೆಂದು ಸುಮ್ಮನಿರಬೇಡಿ. ಕಿಡ್ನಿಯ ಭವಿಷ್ಯ ಹೇಳುವುದು ಬಣ್ಣಕ್ಕಿಂತ ಆ 1.2 ಗ್ರಾಂ ಪ್ರೋಟೀನ್. ದಿನದ ಉಪ್ಪು 5 ಗ್ರಾಂ ದಾಟದಿರಲಿ. ದಾವಣಗೆರೆಯವರಿಗೆ ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಡಿ ಎನ್ನಲು ನನಗೂ ಬಾಯಿ ಬಾರದು, ಆದರೂ ಸಂಜೆ ಸಂಜೆ ಬೇಡ. ಗಂಟಲು ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದನ್ನು ಇಂದೇ ನಿಲ್ಲಿಸಿ.