ಕಾಪ್ ಎಂಬ ಗಾಂಧಿ ಕ್ಲಾಸು

ದಾವಣಗೆರೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮ್ಯಾಂಚೆಸ್ಟರಿನಲ್ಲಿ ನೌಕರಿಯಲ್ಲಿರುವ ಮಗ ಅವರನ್ನು ಲಿವರ್‌ಪೂಲ್ ಫುಟ್‌ಬಾಲ್ ತಂಡದ ಆನ್‌ಫೀಲ್ಡ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರಂತೆ. ಸಾಮಾನ್ಯ ಟಿಕೆಟ್ ಸಿಗದೆ ಊಟ ಉಪಚಾರವೂ ಸೇರಿದ ಹಾಸ್ಪಿಟಾಲಿಟಿ ಟಿಕೆಟ್ ತೆಗೆದರು. ತಲೆಗೆ ಅರ್ಧ ಲಕ್ಷ ರೂಪಾಯಿಯ ಹತ್ತಿರ. ಅವರ ಮಾತಿನಲ್ಲೇ ಕೇಳಿ: ‘ಬೆಚ್ಚಗಿನ ಲೌಂಜು, ಬಿಳಿ ಬಟ್ಟೆ ಹಾಸಿದ ಮೇಜು, ಮೂರು ಸುತ್ತಿನ ಊಟ, ಸಸ್ಯಾಹಾರಿಗೆ ಬೇರೆ ತಟ್ಟೆ, ಹಳೆಯ ಆಟಗಾರರೊಬ್ಬರ ಮಾತು, ಮೈದಾನದ ನಟ್ಟನಡುವಿಗೆ ನೇರವಾಗಿ ಮೆತ್ತನೆಯ ಕುರ್ಚಿ. ಗಾಜಿನ ಹಿಂದೆ ಕೂತವರು ಪ್ರೇಕ್ಷಕರೇ ಅಲ್ಲ ಎಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಮಂಡಿ ನೋವಿನ ನನ್ನಂಥ ಮುದುಕ ಬೇರೆ ಹೇಗೆ ನೋಡಬೇಕಿತ್ತು? ಶ್ರೀಮಂತರು ಕೊಡುವ ಈ ದುಡ್ಡಿನಿಂದಲೇ ಅಲ್ಲವೇ ಬಡವರ ಟಿಕೆಟ್ ಅಗ್ಗವಾಗಿ ಉಳಿಯುವುದು? ನಾನು ಮಾಡಿದ್ದು ತಪ್ಪೇ?’

ಮಾನ್ಯರೇ,

ತಪ್ಪಲ್ಲ. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಅಪ್ಪನಿಗೆ ಮಗ ಇಷ್ಟು ಮಾಡಿದ್ದನ್ನು ತಪ್ಪೆನ್ನುವ ಎದೆ ನನಗಿಲ್ಲ. ಅವರಿಗೆ ಬೇರೆ ದಾರಿಯೂ ಹೆಚ್ಚಿರಲಿಲ್ಲ. ಆನ್‌ಫೀಲ್ಡಿನ ಸೀಸನ್ ಟಿಕೆಟಿಗೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಬಿಡಿ ಟಿಕೆಟಿಗೆ ಮೊದಲು ಸದಸ್ಯತ್ವ ಬೇಕು, ಆಮೇಲೆ ಚೀಟಿ ಎತ್ತಿದಾಗ ಹೆಸರು ಬರಬೇಕು. ಬ್ಲ್ಯಾಕಿನಲ್ಲಿ ಕೊಳ್ಳೋಣವೆಂದರೆ, ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು 1994ರ ಕಾಯ್ದೆಯಂತೆ ಅಲ್ಲಿ ಅಪರಾಧ. ದೂರದಿಂದ ಬಂದವರಿಗೆ ಖಾತ್ರಿಯಾಗಿ ತೆರೆಯುವುದು ಆ ದುಬಾರಿ ಬಾಗಿಲೊಂದೇ. ಕ್ಲಬ್ಬಿಗೂ ದುಡ್ಡು ಬೇಕು, ನಿಮ್ಮ ಮಂಡಿಗೂ ಬೆಚ್ಚಗಿನ ಜಾಗ ಬೇಕು. ಇಷ್ಟನ್ನು ಒಪ್ಪಿಕೊಂಡು ನನ್ನ ಜಗಳಕ್ಕೆ ಬರುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಊಟಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಆಟಕ್ಕೆ ಒಂದು ಪುಟ. ಉಳಿದದ್ದೆಲ್ಲ ಒಂದು ಗೋಲಿನ ಹಿಂದೆ ಕೆಂಪು ಸ್ಕಾರ್ಫ್ ಎತ್ತಿ ಹಾಡುತ್ತಿದ್ದವರ ಬಗ್ಗೆ. ಲೌಂಜಿನೊಳಗೆ ಏನೂ ಕೇಳುತ್ತಿರಲಿಲ್ಲ, ಬಾಗಿಲು ತೆಗೆದ ಕೂಡಲೇ ಆ ದನಿ ನುಗ್ಗಿ ಬಂತು, ಮೈ ಜುಮ್ಮೆಂದಿತು, ಕೈಯಲ್ಲಿದ್ದ ಫೋನು ಮೊದಲೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು ಎಂದಿದ್ದೀರಿ. ನಿಮ್ಮ ಕಿವಿ ಸರಿಯಾದ ಕಡೆಗೇ ತಿರುಗಿದೆ. ಊಟ ದಾವಣಗೆರೆಯಲ್ಲೂ ಸಿಗುತ್ತಿತ್ತು. ಅಷ್ಟು ದೂರ ಹೋಗಿ ನೀವು ಕೊಂಡದ್ದು ಆ ದನಿಯನ್ನು. ಅದನ್ನು ಹುಟ್ಟಿಸಿದವರಿಗೆ ನಿಮ್ಮ ಅರ್ಧ ಲಕ್ಷದಲ್ಲಿ ಕಾಸೂ ಸಿಗಲಿಲ್ಲ. ಅವರೂ ತಮ್ಮ ಜೇಬಿನಿಂದ ದುಡ್ಡು ಕೊಟ್ಟೇ ಒಳಗೆ ಬಂದವರು.

ಅವರು ನಿಂತ ಜಾಗಕ್ಕೆ ಕಾಪ್ ಎಂದು ಹೆಸರು. ಪೂರ್ತಿ ಹೆಸರು ಸ್ಪಿಯಾನ್ ಕಾಪ್. ಅದು ದಕ್ಷಿಣ ಆಫ್ರಿಕಾದ ನಟಾಲಿನ ಒಂದು ಗುಡ್ಡ. 1900ರ ಜನವರಿಯಲ್ಲಿ, ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ಒಂದು ಘೋರ ಕಾಳಗ ಅದರ ನೆತ್ತಿಯ ಮೇಲೆ ನಡೆಯಿತು. ಬ್ರಿಟಿಷರು ಸೋತರು, ಆಗ ಲಿವರ್‌ಪೂಲ್ ಸೇರಿದ್ದ ಲ್ಯಾಂಕಾಷೈರ್ ಸೀಮೆಯ ಎಷ್ಟೋ ಹುಡುಗರು ಅಲ್ಲೇ ಮಣ್ಣಾದರು. 1906ರಲ್ಲಿ ಆನ್‌ಫೀಲ್ಡಿನ ಒಂದು ಗೋಲಿನ ಹಿಂದೆ ನಿಂತು ನೋಡುವ ಎತ್ತರದ ಮೆಟ್ಟಿಲುಗಳನ್ನು ಕಟ್ಟಿದಾಗ, ಆ ಗುಡ್ಡದ ನೆನಪಿಗೆ ಹೆಸರು ಸೂಚಿಸಿದವರು ಊರಿನ ಪತ್ರಿಕೆಯ ಕ್ರೀಡಾ ಸಂಪಾದಕ ಅರ್ನೆಸ್ಟ್ ಎಡ್ವರ್ಡ್ಸ್. ನಮ್ಮ ಕಸುಬಿನವರೊಬ್ಬರು ಇಟ್ಟ ಹೆಸರು ನೂರು ವರ್ಷ ದಾಟಿಯೂ ಜನರ ಬಾಯಲ್ಲಿ ಉಳಿದಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಆದರೆ ನಾನು ಹೇಳಬೇಕಾದ್ದು ಇನ್ನೊಂದಿದೆ. ಆ ಗುಡ್ಡದಿಂದ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ತಂದವರಲ್ಲಿ ಮೋಹನದಾಸ ಗಾಂಧಿಯೂ ಇದ್ದರು. ಅವರು ಕಟ್ಟಿದ ಭಾರತೀಯರ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನ. ಬಹುಪಾಲು ಕರಾರು ಕೂಲಿಗಳು. ದಿನಕ್ಕೆ 20-25 ಮೈಲಿ ಗಾಯಾಳುಗಳನ್ನು ಹೊತ್ತು ನಡೆದದ್ದುಂಟು. ಆಮೇಲೆ ನಮ್ಮ ನಾಡಿನ ಸಿನಿಮಾ ಟೆಂಟುಗಳಲ್ಲಿ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಪರದೆಗೆ ಅಂಟಿಕೊಂಡ ಅತಿ ಅಗ್ಗದ ಸಾಲುಗಳನ್ನು ನಮ್ಮ ಜನ ‘ಗಾಂಧಿ ಕ್ಲಾಸು’ ಎಂದರು. ಲಿವರ್‌ಪೂಲಿನ ಹಡಗುಕಟ್ಟೆಯ ಕೂಲಿಗಳು ನಿಂತ ಅಗ್ಗದ ಮೆಟ್ಟಿಲಿಗೆ ಗಾಂಧಿ ಡೋಲಿ ಹೊತ್ತ ಗುಡ್ಡದ ಹೆಸರು, ದಾವಣಗೆರೆಯ ಹತ್ತಿಗಿರಣಿಯ ಕೂಲಿಗಳು ಕೂತ ಅಗ್ಗದ ಸಾಲಿಗೆ ಗಾಂಧಿಯ ಹೆಸರು. ಇದು ಹೊಳೆದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಗಾಂಧಿ ಕ್ಲಾಸಿನ ಪ್ರಜೆ. ನಮ್ಮೂರ ಜಾತ್ರೆಗೆ ಬರುತ್ತಿದ್ದ ನಾಟಕ ಕಂಪನಿಯಲ್ಲಿ ನೆಲಕ್ಕೆ ಎಂಟಾಣೆ. ಮುಂದಿನ ಕುರ್ಚಿಗಳಲ್ಲಿ ತಾಲ್ಲೂಕಿನ ದೊಡ್ಡ ಮನುಷ್ಯರು ಶಾಲು ಹೊದ್ದು ಕೂರುತ್ತಿದ್ದರು. ಹಾಡು ಮುಗಿದಾಗ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತಿದ್ದದ್ದು ಮಾತ್ರ ಯಾವಾಗಲೂ ನೆಲದಿಂದ. ಹಾರ್ಮೋನಿಯಂ ಮಾಸ್ತರರು ಕತ್ತು ಚಾಚಿ ನೋಡುತ್ತಿದ್ದದ್ದು ನೆಲವನ್ನು. ಒಂದು ವರ್ಷ ಕಂಪನಿಯವರು ಕುರ್ಚಿ ಸಾಲುಗಳನ್ನು ಹೆಚ್ಚಿಸಿ ನೆಲದವರನ್ನು ಹಿಂದಿನ ಕಂಬದಾಚೆ ತಳ್ಳಿದರು. ಕಲೆಕ್ಷನ್ ಚೆನ್ನಾಗಿಯೇ ಆಯಿತು. ಮಾರನೆಯ ಬೆಳಿಗ್ಗೆ ಹೋಟೆಲಿನಲ್ಲಿ ನನ್ನ ಅಪ್ಪನ ಪಕ್ಕ ಕಾಫಿ ಕುಡಿಯುತ್ತಿದ್ದ ಮುಖ್ಯ ನಟ ಹೇಳಿದ ಮಾತು ನನಗಿನ್ನೂ ಕೇಳಿಸುತ್ತದೆ: ‘ನಿನ್ನೆ ಗೋಡೆಗೆ ಹಾಡಿದ ಹಾಗಾಯಿತು ಸ್ವಾಮಿ.’

ಈ ಮಾತು ಬಿಲ್ ಶಾಂಕ್ಲಿಗೆ ತಟ್ಟನೆ ಅರ್ಥವಾಗುತ್ತಿತ್ತು. ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯವರು, 1959ರಿಂದ 1974ರವರೆಗೆ ಮ್ಯಾನೇಜರಾಗಿ ಲಿವರ್‌ಪೂಲ್ ತಂಡವನ್ನು ಕಟ್ಟಿದವರು. ನಿವೃತ್ತರಾದ ಮೇಲೆ ಅವರು ಕಾಪ್‌ಗೆ ಹೋಗಿ ಜನರ ನಡುವೆ ನಿಂತು ಪಂದ್ಯ ನೋಡಿದರು. ಕಾಪ್ ಹಿಂಭಾಗದಲ್ಲಿರುವ ಅವರ ಪ್ರತಿಮೆಯ ಕೆಳಗೆ ಬರೆದಿರುವುದೂ ಜನರ ಮಾತನ್ನೇ: ಜನರನ್ನು ಸಂತೋಷಪಡಿಸಿದವರು ಎಂದು.

ಆ ಕಾಲದಲ್ಲಿ ಕಾಪ್ ತುಂಬಿದರೆ 28,000 ಜನ. ಇವತ್ತು ಅಲ್ಲಿರುವುದು 12,400ರಷ್ಟು ಕುರ್ಚಿ. ನಡುವೆ ನಡೆದದ್ದು 1989ರ ಏಪ್ರಿಲ್ 15ರ ಹಿಲ್ಸ್‌ಬರೋ ದುರಂತ. ಶೆಫೀಲ್ಡಿನ ಆ ಮೈದಾನದ ಬೇಲಿಯೊಳಗೆ ನೂಕುನುಗ್ಗಲಿನಲ್ಲಿ ಸಿಕ್ಕಿ 97 ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಕೊಟ್ಟ ವರದಿ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಇರಲಿ ಎಂದಿತು. ಅಷ್ಟು ಸಾವು ಕಂಡ ಮೇಲೆ ಯಾರು ತಾನೇ ಬೇಡವೆಂದಾರು? ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಎಲ್ಲರೂ ಅನುಕೂಲಕ್ಕೆ ತಕ್ಕಂತೆ ಮರೆತರು. ಕುರ್ಚಿ ಹಾಕಿದ ಮಾತ್ರಕ್ಕೆ ಟಿಕೆಟ್ ಬಡವರ ಕೈಗೆಟುಕದಂತೆ ಏರಬೇಕಿಲ್ಲ ಎಂದಿದ್ದ ಟೇಲರ್, ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ಉದಾಹರಣೆ ಕೊಟ್ಟಿದ್ದರು: ಕೂತು ನೋಡಲು 6 ಪೌಂಡ್, ನಿಂತು ನೋಡಲು 4. 1992ರಲ್ಲಿ ಇಂಗ್ಲೆಂಡಿನ ಅಗ್ರ ತಂಡಗಳ ಪ್ರೀಮಿಯರ್ ಲೀಗ್ ಶುರುವಾಯಿತು, ಟಿವಿಯ ದುಡ್ಡು ಹರಿಯಿತು. 1994ರ ಏಪ್ರಿಲ್ 30ರಂದು ನಾರ್ವಿಚ್ ತಂಡದ ಎದುರು ಕಾಪ್ ಕೊನೆಯ ಸಲ ನಿಂತು ಹಾಡಿತು. ಟಿಕೆಟಿನ ಬೆಲೆ ಆ 6 ಪೌಂಡಿನ ಸುತ್ತಮುತ್ತ ಮತ್ತೆ ಸುಳಿಯಲಿಲ್ಲ.

ಶ್ರೀಮಂತರ ದುಡ್ಡು ಬಡವರ ಟಿಕೆಟನ್ನು ಅಗ್ಗವಾಗಿ ಇಡುತ್ತದೆ ಎಂಬ ನಿಮ್ಮ ವಾದವನ್ನು ಈಗ ಎತ್ತಿಕೊಳ್ಳೋಣ. ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು ನೀವು, ಈ ಲೆಕ್ಕವನ್ನೂ ನೋಡಬೇಕಿತ್ತು. 2016ರಲ್ಲಿ ಆನ್‌ಫೀಲ್ಡಿನ ಮೇನ್ ಸ್ಟ್ಯಾಂಡನ್ನು ದೊಡ್ಡದಾಗಿ ಕಟ್ಟಿದರು, ಹಾಸ್ಪಿಟಾಲಿಟಿ ಕುರ್ಚಿಗಳನ್ನು ಸಾವಿರಗಟ್ಟಲೆ ಹಾಕಿದರು. ನಿಮ್ಮ ವಾದ ಸರಿಯಾಗಿದ್ದರೆ ಆ ವರ್ಷ ಉಳಿದವರ ಟಿಕೆಟ್ ಇಳಿಯಬೇಕಿತ್ತು. ಆದದ್ದೇನು? ಹೊಸ ಸ್ಟ್ಯಾಂಡ್ ತೆರೆಯುವ ಮೊದಲೇ ಸಾಮಾನ್ಯ ಟಿಕೆಟಿನ ಗರಿಷ್ಠ ಬೆಲೆ 59 ಪೌಂಡಿನಿಂದ 77ಕ್ಕೆ ಏರುತ್ತದೆಂದು ಘೋಷಣೆಯಾಯಿತು. ಫೆಬ್ರವರಿ 6ರಂದು ಸಂಡರ್‌ಲೆಂಡ್ ಎದುರಿನ ಪಂದ್ಯದಲ್ಲಿ, ಸರಿಯಾಗಿ 77ನೇ ನಿಮಿಷಕ್ಕೆ, ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು. ಅವರು ಎದ್ದು ಹೋದ ಮೇಲೆ ಎದುರಾಳಿ ಎರಡು ಗೋಲು ಹೊಡೆದು ಪಂದ್ಯ 2-2ರಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಏರಿಕೆಯನ್ನು ಕೈಬಿಟ್ಟರು. ಪರ ಊರಿನ ಪಂದ್ಯಕ್ಕೆ ಹೋಗುವ ಅಭಿಮಾನಿಗಳ ಟಿಕೆಟ್ 30 ಪೌಂಡ್ ಮೀರಬಾರದೆಂಬ ಲೀಗಿನ ನಿಯಮ ಬಂದದ್ದೂ ಅದೇ ವರ್ಷ, ಅದೂ ಅಭಿಮಾನಿಗಳು ಹಟ ಹಿಡಿದದ್ದರಿಂದ. ಸ್ಥಳೀಯರಿಗೆಂದು 9 ಪೌಂಡಿನ ಒಂದಿಷ್ಟು ಟಿಕೆಟ್ ಇಟ್ಟಿದ್ದಕ್ಕೆ ಕ್ಲಬ್ಬಿಗೆ ಶಾಭಾಸ್ ಹೇಳುತ್ತೇನೆ. ಆದರೆ ಬೆಲೆಯನ್ನು ಹಿಡಿದು ನಿಲ್ಲಿಸಿದ್ದು ಲೌಂಜಿನ ಊಟವಲ್ಲ, ಎದ್ದು ನಡೆದವರ ಕಾಲು.

2023-24ರಲ್ಲಿ ಲಿವರ್‌ಪೂಲಿನ ಒಟ್ಟು ಆದಾಯ 614 ಮಿಲಿಯನ್ ಪೌಂಡ್. ಪಂದ್ಯದ ದಿನದ ಗಳಿಕೆ, ನಿಮ್ಮ ಅರ್ಧ ಲಕ್ಷವೂ ಕಾಪ್‌ನವರ ಟಿಕೆಟ್ಟೂ ಎಲ್ಲ ಸೇರಿ, 102 ಮಿಲಿಯನ್. ಉಳಿದದ್ದು ಟಿವಿ ಮತ್ತು ಜಾಹೀರಾತು, ಪ್ರಾಯೋಜಕರದ್ದು. ಟಿವಿಯವರು ಅಷ್ಟು ಕೊಡುವುದು ಯಾತಕ್ಕೆ? 2020ರಲ್ಲಿ ಕೊರೋನಾದಿಂದಾಗಿ ಖಾಲಿ ಮೈದಾನಗಳಲ್ಲಿ ಆಟ ನಡೆದಾಗ ಅವರು ಮಾಡಿದ್ದನ್ನು ನೆನಪಿಸಿಕೊಳ್ಳಿ: ಕಂಪ್ಯೂಟರ್ ಆಟಕ್ಕೆಂದು ಮುದ್ರಿಸಿಟ್ಟಿದ್ದ ಜನರ ಕೂಗನ್ನು ತಂದು ಪ್ರಸಾರಕ್ಕೆ ಬೆರೆಸಿದರು. ಮೆತ್ತನೆಯ ಕುರ್ಚಿಯ ಸದ್ದನ್ನು ಯಾರೂ ಬೆರೆಸಲಿಲ್ಲ. ಅದೇ ಜುಲೈನಲ್ಲಿ 30 ವರ್ಷ ಕಾದ ಲೀಗ್ ಪ್ರಶಸ್ತಿಯನ್ನು ಲಿವರ್‌ಪೂಲ್ ಆಟಗಾರರು ಎತ್ತಿ ಹಿಡಿದಾಗ, ವೇದಿಕೆ ಕಟ್ಟಿದ್ದು ಕಾಪ್‌ನ ಖಾಲಿ ಮೆಟ್ಟಿಲುಗಳ ಮೇಲೆ. ಇಡೀ ಮೈದಾನ ಖಾಲಿಯಿತ್ತು, ಎಲ್ಲಿ ಬೇಕಾದರೂ ಕಟ್ಟಬಹುದಿತ್ತು.

ಮಧ್ಯಂತರ ಮುಗಿದು ಆಟ ಶುರುವಾದರೂ ನಿಮ್ಮ ಸಾಲಿನ ಅರ್ಧ ಕುರ್ಚಿ ಖಾಲಿಯೇ ಇದ್ದವು ಎಂದು ಬರೆದಿದ್ದೀರಿ. ಮೈದಾನ ಕಾಣುವ ಜಾಗದಲ್ಲಿ ಮದ್ಯ ಹಿಡಿದು ಕೂರುವಂತಿಲ್ಲ ಎಂಬುದು ಅಲ್ಲಿಯ 1985ರ ಕಾಯ್ದೆ. ಹಾಗಾಗಿ ಗ್ಲಾಸು ಬಿಡಲಾರದವರು ಆಟವನ್ನೇ ಬಿಡುತ್ತಾರೆ. ಲಂಡನ್ನಿನ ವೆಂಬ್ಲಿಯ ಹೊಸ ಮೈದಾನದಲ್ಲಿ ನಡುವಿನ ದುಬಾರಿ ಸಾಲುಗಳು ದ್ವಿತೀಯಾರ್ಧದಲ್ಲಿ ಬಣಗುಡುವುದನ್ನು ಟಿವಿಯಲ್ಲಿ ನೋಡಿ ನೋಡಿ ನನಗೆ ಸಂಕಟವಾಗಿದೆ. 2000ದ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್ ತಮ್ಮದೇ ಮೈದಾನದ ಪ್ರೇಕ್ಷಕರ ಮೇಲೆ ಸಿಟ್ಟಾಗಿ, ಇವರು ಕುಡಿದು ಸಿಗಡಿ ಸ್ಯಾಂಡ್‌ವಿಚ್ ತಿನ್ನುತ್ತಾರೆ, ಮೈದಾನದಲ್ಲಿ ಏನಾಗುತ್ತಿದೆ ಎಂಬ ಅರಿವೇ ಇಲ್ಲ ಎಂಬರ್ಥದಲ್ಲಿ ಮಾತಾಡಿದ್ದರು. ಆ ಸಿಗಡಿ ಸ್ಯಾಂಡ್‌ವಿಚ್ ಇಂಗ್ಲೆಂಡಿನ ಮಾತಿನಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ. ಆಡುವವನೇ ಹೇಳಿದ ಮಾತಾದ್ದರಿಂದ ಅದಕ್ಕೆ ತೂಕ.

ನಿಮ್ಮ ಕಣ್ಣಿಗೆ ಬೀಳದ್ದು ಒಂದಿದೆ, ಅದಕ್ಕಾಗಿ ಸ್ವಲ್ಪ ಬೇಸರಿಸಿಕೊಳ್ಳುತ್ತೇನೆ. ಆನ್‌ಫೀಲ್ಡ್ ಸುತ್ತಲಿನ ಬೀದಿಗಳು ಇಂಗ್ಲೆಂಡಿನ ಕಡುಬಡ ಬಡಾವಣೆಗಳಲ್ಲಿ ಸೇರಿದವು. 2015ರಲ್ಲಿ ಲಿವರ್‌ಪೂಲ್ ಮತ್ತು ಎವರ್ಟನ್, ಈ ಎರಡು ಬದ್ಧ ಎದುರಾಳಿ ತಂಡಗಳ ಅಭಿಮಾನಿಗಳು ಸೇರಿ, ಪಂದ್ಯದ ದಿನ ಮೈದಾನದ ಹೊರಗೆ ಹಸಿದವರಿಗಾಗಿ ಆಹಾರ ಸಂಗ್ರಹಿಸಲು ಶುರುಮಾಡಿದರು. ಟಿಕೆಟಿಗೇ ಒದ್ದಾಡುವವರು ಮನೆಯಿಂದ ಬೇಳೆಕಾಳಿನ ಡಬ್ಬಿ, ಪಾಸ್ತಾ ಪೊಟ್ಟಣ ತಂದು ಹಾಕಿ ಒಳಗೆ ಹೋಗಿ ಹಾಡುತ್ತಾರೆ. ನೀವು ಆ ದಾರಿಯಲ್ಲಿ ಬರಲಿಲ್ಲ. ಹಾಸ್ಪಿಟಾಲಿಟಿಯವರ ಬಾಗಿಲು ಬೇರೆ.

ಬೇರೆ ಬಾಗಿಲು ಎಂದಾಗ ನನ್ನ ಮನಸ್ಸು ಮನೆಗೇ ಬರುತ್ತದೆ. ಮೈಸೂರು ದಸರೆ ರೈತರೂ ಕುಂಬಾರರೂ ಮರ ಹತ್ತಿ ನೋಡುತ್ತಿದ್ದ ಹಬ್ಬ. ಅದಕ್ಕೀಗ ಗೋಲ್ಡ್ ಕಾರ್ಡ್. ದೇವಸ್ಥಾನಗಳಲ್ಲಿ ವಿಶೇಷ ದರ್ಶನದ ಚೀಟಿ ಹಿಡಿದವರು ಮೂರು ತಾಸು ನಿಂತ ಮುದುಕಿಯ ಎದುರೇ ಹಾದು ಹೋಗುತ್ತಾರೆ. ಸಾಹಿತ್ಯ ಸಮ್ಮೇಳನದಲ್ಲಿ ಮೊದಲ ಸಾಲಿನ ಸೋಫಾ ಗಣ್ಯರಿಗೆ. ಉದ್ಘಾಟನೆ ಮುಗಿದು ಅವರು ಎದ್ದು ಹೋದರೂ, ಬಸ್ಸು ಹತ್ತಿ ಬಂದ ಮೇಷ್ಟ್ರು ಶಾಮಿಯಾನದ ಅಂಚಿನಲ್ಲಿ ನಿಂತೇ ಕವಿಗೋಷ್ಠಿ ಕೇಳುತ್ತಾರೆ. ಯಾರು ಮನಸಾರೆ ಬಂದಿದ್ದಾರೋ ಅವರನ್ನು ಹಿಂದಕ್ಕೆ ತಳ್ಳುವುದನ್ನು ನಾವು ಎಲ್ಲಿ ಕಲಿತೆವೋ! ಇದರ ನಡುವೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡಕ್ಕಾಗಿ ತೊಂಬತ್ತು ನಿಮಿಷವೂ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರನ್ನು ಕಂಡಾಗ ಜೀವಕ್ಕೆ ತಂಪಾಗುತ್ತದೆ.

ನಿಂತರೆ ಅಪಾಯ ಎಂಬ ಮಾತೂ ಈಗ ಉಳಿದಿಲ್ಲ. ಜರ್ಮನಿಯ ಡಾರ್ಟ್‌ಮಂಡಿನಲ್ಲಿ ಒಂದೇ ಸ್ಟ್ಯಾಂಡಿನಲ್ಲಿ 24,000ಕ್ಕೂ ಹೆಚ್ಚು ಜನ ನಿಂತು ನೋಡುತ್ತಾರೆ. ಕಾಪ್‌ನಲ್ಲೂ 2021ರಲ್ಲಿ ಹಿಡಿಗಂಬಿ ಇರುವ ಕುರ್ಚಿಗಳು ಬಂದಿವೆ.

ಮಗನ ಮನೆಗೆ ಮತ್ತೆ ಹೋಗುತ್ತೀರಲ್ಲವೇ? ಅವರಿಗೆ ಈಗಲೇ ಸದಸ್ಯತ್ವ ಮಾಡಿಸಲು ಹೇಳಿ, ಚೀಟಿಯಲ್ಲಿ ಹೆಸರು ಬರಲಿ. ಬಾರದಿದ್ದರೆ, ಮಂಡಿ ಕೇಳದಿದ್ದರೆ, ಅದೇ ಲೌಂಜಿಗೆ ಧಾರಾಳವಾಗಿ ಹೋಗಿ. ಅಲ್ಲಿ ಮೂರನೆಯ ಸುತ್ತಿನ ಸಿಹಿಯನ್ನು ಬಿಟ್ಟು ಅರ್ಧ ಗಂಟೆ ಮೊದಲೇ ಹೊರಗಿನ ಕುರ್ಚಿಗೆ ಬಂದು ಕೂರಿ. ಒಳಗೆ ಹೋಗುವ ಮುಂಚೆ ಆ ಆಹಾರ ಸಂಗ್ರಹದವರನ್ನು ಹುಡುಕಿ ಒಂದು ಡಬ್ಬಿ ಕೊಡಿ, ನನ್ನ ಹೆಸರಿನಲ್ಲಿ ಇನ್ನೊಂದು.

ಆ ರೆಕಾರ್ಡಿಂಗನ್ನು ನನಗೆ ಕಳಿಸಿ. ಲೌಂಜಿನ ಬಾಗಿಲು ತೆಗೆಯುವ ಮುಂಚಿನ ಕ್ಷಣದಿಂದ ಶುರುವಾಗುತ್ತದೆ ಎಂದಿದ್ದೀರಲ್ಲ, ಮೊದಲಿನ ಆ ಮೌನವನ್ನು ಕತ್ತರಿಸದೆ ಕಳಿಸಿ.

— ಸಂಪಾದಕ